ಮುನ್ಸೂಚನೆ ಕೊಡದ ಬ್ಯಾಟರಿ: ಟ್ರೇಲರ್‌ನಲ್ಲಿ ಲಿಥಿಯಂ ಬಳಸಿದ ಮೂರು ವರ್ಷ

ವಿಜಯಪುರದ ನಮ್ಮ ಮನೆಯ ಮುಂದೆ ನಿಂತಿರುವ, ಕಾರಿನ ಹಿಂದೆ ಕಟ್ಟಿ ಎಳೆದೊಯ್ದು ಒಳಗೇ ತಂಗುವಂಥ ಪುಟ್ಟ ಕ್ಯಾಂಪರ್ ಟ್ರೇಲರ್‌ಗೆ ಲಿಥಿಯಂ ಬ್ಯಾಟರಿ ಹಾಕಿಸಿ ಮೂರು ವರ್ಷ ತುಂಬಿತು. ಅದರ ಅಳತೆ, ಬಾಳಿಕೆ, ಗ್ಯಾರಂಟಿಯ ವಿವರಗಳು ಡಬ್ಬಿಯ ಮೇಲೆಯೇ ಅಚ್ಚಾಗಿರುವುದರಿಂದ ಅವನ್ನು ಮತ್ತೆ ಬರೆಯುವುದಿಲ್ಲ. ಡಬ್ಬಿಯ ಮೇಲೆ ಇಲ್ಲದ, ಮಾರಿದವರೂ ಬಾಯಿ ಬಿಡದ ಒಂದು ಸಂಗತಿಯಿಂದ ನಾನು ಒಂದು ರಾತ್ರಿ ಪಟ್ಟ ಪಾಡನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಟ್ರೇಲರ್ ಮಾಡಿಸಿದ್ದು ಶೋಕಿಗಲ್ಲ. ಅವ್ವನಿಗೆ ಮೊಳಕಾಲು ನೋವು. ಲಾಡ್ಜಿನ ಮೆಟ್ಟಿಲು ಹತ್ತಲಾರಳು, ಆದರೆ ಬನಶಂಕರಿ, ಕೂಡಲಸಂಗಮ, ಯಲ್ಲಮ್ಮನ ಗುಡ್ಡವನ್ನು ಬಿಡಲೂ ಆರಳು. ಜೊತೆಗೆ ಇನ್ಸುಲಿನ್ ಇದೆ. ತೆರೆಯದ ಸೀಸೆಗಳನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕಾಗಿರುವುದರಿಂದ, 40 ಡಿಗ್ರಿ ಮುಟ್ಟುವ ನಮ್ಮ ಬೇಸಿಗೆಯಲ್ಲಿ ಟ್ರೇಲರ್‌ನ ಚಿಕ್ಕ ಫ್ರಿಜ್ ಹಗಲಿರುಳೂ ಓಡಲೇಬೇಕು.

ಮೊದಲು ಇದ್ದದ್ದು 150 ಆಂಪಿಯರ್-ಅವರ್‌ನ ಟ್ಯೂಬುಲರ್ ಬ್ಯಾಟರಿ, ಮನೆಯ ಇನ್ವರ್ಟರಿಗೆ ಹಾಕುವಂಥ ಆ್ಯಸಿಡ್ ತುಂಬಿದ್ದು; ಆಂಪಿಯರ್-ಅವರ್ ಎಂದರೆ ಬ್ಯಾಟರಿ ಹಿಡಿಯುವ ಕರೆಂಟಿನ ಲೆಕ್ಕ. ಅದು ಬಹಳ ದಿನ ಬಾಳಬೇಕೆಂದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತೆಗೆಯಬಾರದು, ಎಂದರೆ ಕೈಗೆ ದಕ್ಕುವುದು 75 ಮಾತ್ರ. ಆದರೂ ಅದರ ಸೇವೆಯಲ್ಲಿ ಒಂದು ಸುಖವಿತ್ತು. ಪ್ರಯಾಣದ ಹಿಂದಿನ ದಿನ ಬೆಳಿಗ್ಗೆ ಚಹಾ ಕುಡಿದು, ಆರೂ ಮುಚ್ಚಳ ಬಿಚ್ಚಿ, ಪ್ಲಾಸ್ಟಿಕ್ ಲಾಳಿಕೆಯಿಂದ ಡಿಸ್ಟಿಲ್ಡ್ ವಾಟರನ್ನು ತೆಳುವಾಗಿ ಬಿಟ್ಟು, ತೇಲುಕಡ್ಡಿ ಹಸಿರು ಗೆರೆಗೆ ಏರುವುದನ್ನು ನೋಡುತ್ತಿದ್ದೆ. ಟರ್ಮಿನಲ್ಲಿಗೆ ಕಟ್ಟಿದ ಬಿಳಿ ಪುಡಿಯನ್ನು ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆಯುತ್ತಿದ್ದೆ. ನನ್ನ ಎರಡು ಧೋತರಗಳಿಗೆ ಬಿದ್ದ ಆ್ಯಸಿಡ್ ತೂತುಗಳು ಆ ಸೇವೆಯ ಗುರುತುಗಳು.

ಹೊಸದು 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. 34 ಸಾವಿರ ರೂಪಾಯಿ ಕೊಟ್ಟೆ. ನನ್ನ ಪಿಂಚಣಿಗೆ ಅದು ಸಣ್ಣ ಮೊತ್ತವಲ್ಲ. ಹಳೆಯದನ್ನು ಇಬ್ಬರು ಹಿಡಿದು ಇಳಿಸಿದರು, ಹೊಸದನ್ನು ನಾನೊಬ್ಬನೇ ಒಂದು ಕೈಯಲ್ಲಿ ಎತ್ತಿಟ್ಟೆ. ಆ ಹಗುರತನವೇ ಮೊದಲ ತೊಂದರೆಯಾಯಿತು: ಟ್ರೇಲರ್‌ನ ಮೂತಿಯಲ್ಲಿದ್ದ ನಲವತ್ತು ಕಿಲೋಕ್ಕೂ ಹೆಚ್ಚಿನ ಭಾರ ಒಮ್ಮೆಲೇ ಹೋದದ್ದರಿಂದ, ಹೆದ್ದಾರಿಯಲ್ಲಿ ವೇಗ ಏರಿದಂತೆ ಹಿಂಭಾಗ ಬಾಲದಂತೆ ತೂಗತೊಡಗಿತು. ನೀರಿನ ಕ್ಯಾನುಗಳನ್ನು ಮುಂದಕ್ಕೆ ಸರಿಸಿದ ಮೇಲೆ ಸರಿಹೋಯಿತು.

ಇನ್ನು ಆ ರಾತ್ರಿಯ ಮಾತು. ಮೊದಲ ವರ್ಷದ ಏಪ್ರಿಲ್‌ನಲ್ಲಿ ಕೂಡಲಸಂಗಮಕ್ಕೆ ಹೋದಾಗ ಬಿಸಿಲಿಗೆ ಹೆದರಿ ಬೇವಿನ ಮರದ ಕೆಳಗೆ ಟ್ರೇಲರ್ ನಿಲ್ಲಿಸಿದ್ದೆ. ನಮಗೆ ನೆರಳು ಸಿಕ್ಕಿತು, ಮೇಲಿನ ಸೋಲಾರ್ ಫಲಕಕ್ಕೂ ಅದೇ ನೆರಳು ಸಿಕ್ಕಿತು. ಎರಡನೆಯ ರಾತ್ರಿ ಒಂಬತ್ತಕ್ಕೆ ವೋಲ್ಟ್‌ಮೀಟರ್ 13.0 ತೋರಿಸುತ್ತಿತ್ತು. ಹಳೆಯ ಬ್ಯಾಟರಿ ತುಂಬಿ ನಿಂತಾಗಲೂ 12.7 ದಾಟುತ್ತಿರಲಿಲ್ಲವಾದ್ದರಿಂದ, ಇದು ತುಂಬಿ ತುಳುಕುತ್ತಿದೆ ಎಂದುಕೊಂಡು ಎರಡೂ ಫ್ಯಾನು ಹಾಕಿ ಮಲಗಿದೆ. ಮೂರು ಗಂಟೆಗೆ ಫ್ಯಾನು, ಫ್ರಿಜ್, ದೀಪ ಎಲ್ಲವೂ ಒಂದೇ ಏಟಿಗೆ ನಿಂತವು.

"ಕರೆಂಟ್ ಹೋತೇನೋ?" ಎಂದಳು ಅವ್ವ ಕತ್ತಲಲ್ಲಿ.

ಟ್ಯೂಬುಲರ್ ಬ್ಯಾಟರಿಯಾಗಿದ್ದರೆ ದೀಪ ಮೊದಲು ಮಂಕಾಗುತ್ತಿತ್ತು, ಫ್ಯಾನು ನಿಧಾನವಾಗುತ್ತಿತ್ತು, ಒಂದು ತಾಸು ಮೊದಲೇ ಎಚ್ಚರಿಕೆ ಸಿಗುತ್ತಿತ್ತು. ಲಿಥಿಯಂ ಹಾಗಲ್ಲ. ತುಂಬಿದ್ದಾಗಲೂ ಮುಕ್ಕಾಲು ಖಾಲಿಯಾದಾಗಲೂ ಅದರ ವೋಲ್ಟೇಜು 13ರ ಆಸುಪಾಸಿನಲ್ಲೇ ಇದ್ದು, ಕೊನೆಯಲ್ಲಿ ಧುಮುಕುತ್ತದೆ. ಆಗ ಒಳಗಿನ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟು ಸೆಲ್ಲುಗಳು ಹಾಳಾಗದಿರಲೆಂದು ಬಾಗಿಲು ಮುಚ್ಚಿಬಿಡುತ್ತದೆ. ಬೆಳಗಾದರೆ ಸೋಲಾರ್ ಬರುತ್ತದೆಂದು ಕಾದೆ. ಅದೂ ಬರಲಿಲ್ಲ, ಏಕೆಂದರೆ ಬಾಗಿಲು ಮುಚ್ಚಿದ ಬ್ಯಾಟರಿಯ ಟರ್ಮಿನಲ್ಲಿನಲ್ಲಿ ವೋಲ್ಟೇಜೇ ಕಾಣದೆ, ಫಲಕದ ಕರೆಂಟನ್ನು ಬ್ಯಾಟರಿಗೆ ಹದವಾಗಿ ಬಿಡುವ ನನ್ನ ಸೋಲಾರ್ ಕಂಟ್ರೋಲರ್ ಅಲ್ಲಿ ಬ್ಯಾಟರಿಯೇ ಇಲ್ಲವೆಂದು ತಿಳಿದು ಸುಮ್ಮನಿತ್ತು. ಕೊನೆಗೆ ಬೊಲೆರೊದ ಬ್ಯಾಟರಿಯಿಂದ ಜಂಪರ್ ಕೇಬಲ್ ಹಚ್ಚಿ ಅದನ್ನು ಎಬ್ಬಿಸಬೇಕಾಯಿತು. ಇನ್ಸುಲಿನ್ ಉಳಿಸಿದ್ದು ಹತ್ತಿರದ ಚಹಾದಂಗಡಿಯವರು ಕೊಟ್ಟ ಮಂಜುಗಡ್ಡೆ. ಸೀಸೆಗೆ ನೇರ ತಾಗದಂತೆ ಟವೆಲ್ಲಿನಲ್ಲಿ ಸುತ್ತಿ ಇಟ್ಟೆ.

ಊರಿಗೆ ಮರಳಿ, ಬ್ಯಾಟರಿ ವಾಪಸು ಕೊಡುವ ಸಿಟ್ಟಿನಲ್ಲೇ ಎಲೆಕ್ಟ್ರಿಷಿಯನ್ ಹುಡುಗನ ಬಳಿಗೆ ಹೋದೆ. ಅವನು ನಕ್ಕ. "ಸರ, ಇದು ಹಗೇವು ಇದ್ದಂಗರಿ. ಬಾಯಾಗ ನಿಂತು ನೋಡಿದ್ರ ಜೋಳ ಎಷ್ಟೈತಿ ತಿಳಿಯಂಗಿಲ್ಲ. ಹಾಕಿದ್ದು ತಗದಿದ್ದು ಲೆಕ್ಕ ಇಡಬೇಕ್ರಿ." ಹಗೇವು ಎಂದರೆ ನೆಲದೊಳಗೆ ಕಾಳು ತುಂಬಿಡುವ ಗುಂಡಿ. ಆ ಲೆಕ್ಕ ಇಡುವ ಸಾಧನದ ಹೆಸರು ಶಂಟ್ ಮೀಟರ್. ಬ್ಯಾಟರಿಯ ಮೈನಸ್ ತಂತಿಗೆ ಅದನ್ನು ಸೇರಿಸಿ, ಉಳಿದೆಲ್ಲ ಮೈನಸ್ ತಂತಿಗಳನ್ನೂ ಅದರ ಮೂಲಕವೇ ಹಾಯಿಸಿದರೆ ಒಳಹೋದ, ಹೊರಬಂದ ಪ್ರತಿ ಆಂಪಿಯರ್ ಎಣಿಸಿ ಶೇಕಡಾ ಎಷ್ಟು ಉಳಿದಿದೆ ಎಂದು ತೋರಿಸುತ್ತದೆ. 2,800 ರೂಪಾಯಿಯಲ್ಲಿ ಮುಗಿದ ಈ ಕೆಲಸವನ್ನು 34 ಸಾವಿರ ಎಣಿಸಿಕೊಂಡ ಅಂಗಡಿಯವರು ಮೊದಲೇ ಹೇಳಬಹುದಿತ್ತು.

ಅಲ್ಲಿಂದಾಚೆಗೆ ನನ್ನ ದೂರು ಕರಗುತ್ತ ಬಂದಿದೆ. ಕಾರಿನಿಂದ ಚಾರ್ಜ್ ಮಾಡಲು ನೇರ ತಂತಿ ಸಾಕೆಂಬ ಮಾತನ್ನು ಕೇಳದೆ ಕರೆಂಟನ್ನು ಮಿತಿಯಲ್ಲಿ ಬಿಡುವ ಡಿಸಿ-ಡಿಸಿ ಚಾರ್ಜರ್ ಹಾಕಿಸಿದ್ದು ಒಳ್ಳೆಯದಾಯಿತು. ಇಲ್ಲವಾದರೆ ಲಿಥಿಯಂ ಎಷ್ಟು ಕೊಟ್ಟರೂ ಎಳೆದುಕೊಂಡು, ಕಾರಿನ ಎಂಜಿನ್ನಿನಿಂದ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರನ್ನು ಸುಡಬಲ್ಲದು. ಬಿಸಿ ತಗಡಿನ ಪೆಟ್ಟಿಗೆಯಲ್ಲಿದ್ದ ಬ್ಯಾಟರಿಯನ್ನು ಸೀಟಿನ ಕೆಳಗೆ ಗಾಳಿಯಾಡುವ ಕಡೆಗೆ ತಂದೆ, ಏಕೆಂದರೆ 45 ಡಿಗ್ರಿಗಿಂತ ಹೆಚ್ಚು ಕಾದ ಸೆಲ್ಲುಗಳನ್ನು ಚಾರ್ಜ್ ಮಾಡುವುದು ಒಳ್ಳೆಯದಲ್ಲ. ಈ ಮೂರು ವರ್ಷದಲ್ಲಿ ಒಂದು ಹನಿ ನೀರು ಹಾಕಿಲ್ಲ, ಒಂದು ಧೋತರವೂ ತೂತಾಗಿಲ್ಲ. ವರ್ಷಕ್ಕೊಮ್ಮೆ ಜಾತ್ರೆಗೆ ಹೋಗಿ ಒಂದೇ ರಾತ್ರಿ ತಂಗುವವರಿಗೆ ಈ ಖರ್ಚು ಬೇಡ, ಟ್ಯೂಬುಲರ್ ಸಾಕು. ನಮ್ಮಂತೆ ತಿಂಗಳಿಗೊಮ್ಮೆ, ಫ್ರಿಜ್ ಸಹಿತ ಹೊರಡುವವರು ಹಾಕಿಸಲಿ, ಆದರೆ ಬ್ಯಾಟರಿಯ ಬಿಲ್ಲಿನಲ್ಲಿಯೇ ಮೀಟರನ್ನೂ ಬರೆಸಲಿ.

ಆ ಮೀಟರು ಕೂಡ ಪೂರ್ತಿ ಸಾಚಾ ಅಲ್ಲ. ಬ್ಯಾಟರಿಯನ್ನು ಆಗಾಗ ಪೂರ್ತಿ ತುಂಬಿಸಿ 100ಕ್ಕೆ ಹೊಂದಿಸದಿದ್ದರೆ ಅದರ ಲೆಕ್ಕ ಶೇಕಡಾ ನಾಲ್ಕಾರರಷ್ಟು ತಪ್ಪುತ್ತದೆ. ಊಟವಾದ ಮೇಲೆ ಅವ್ವ ಹಾಸಿಗೆಯಿಂದಲೇ "ಎಷ್ಟೈತೋ?" ಎಂದು ಕೇಳುತ್ತಾಳೆ. ನಾನು ಐದು ಕಳೆದು ಹೇಳುತ್ತೇನೆ. ನಲವತ್ತಕ್ಕಿಂತ ಕಡಿಮೆಯಿದ್ದರೆ ತನ್ನ ಕಡೆಯ ಫ್ಯಾನನ್ನು ಅವಳೇ ಆರಿಸುತ್ತಾಳೆ.