ಹಳೆಯ ಪ್ಲಾಸ್ಟಿಕ್ ಸೈನಿಕರಿಗೆ ಅಚ್ಚು ತೆಗೆಯುವ ಮುನ್ನ

ಅಚ್ಚಿಗೆ ಸಿಲಿಕೋನ್ ರಬ್ಬರ್, ಅದರೊಳಗೆ ಎರೆಯಲು ಎರಡು ಡಬ್ಬಿ ಪಾಲಿಯುರೆಥೇನ್ ರೆಸಿನ್ (ಎರಡನ್ನೂ ಬೆರೆಸಿದರೆ ಗಟ್ಟಿ ಪ್ಲಾಸ್ಟಿಕ್ ಆಗುವ ದ್ರವ) ಮತ್ತು ಒಂದು ಮುದ್ದೆ ಜೇಡಿಯನ್ನು ಒಟ್ಟುಗೂಡಿಸಿ ‘ಎರಕದ ಕಿಟ್’ ಎಂದು ಆನ್‌ಲೈನ್‌ನಲ್ಲಿ ಮಾರುತ್ತಾರೆ. ಕೊಡಗಿನಲ್ಲಿದ್ದುಕೊಂಡು, ಈಗ ತಯಾರಾಗದ ಹಳೆಯ ಬೊಂಬೆಗಳ ಪ್ರತಿ ಮಾಡಿಕೊಳ್ಳಬೇಕೆಂದು ಅದನ್ನು ತರಿಸಲು ಹೊರಟವರು ಮೊದಲು ಇದನ್ನು ಓದಬೇಕೆಂದು ಕೋರುತ್ತೇನೆ.

ನನ್ನ ಬಳಿ ಇದ್ದದ್ದು ಏರ್‌ಫಿಕ್ಸ್‌ನ 1:72 ಅಳತೆಯ ಕುದುರೆ ಸವಾರರು. ಆರಡಿ ಆಳು ಈ ಅಳತೆಯಲ್ಲಿ ಸುಮಾರು 25 ಮಿಲಿಮೀಟರ್ ಆಗುತ್ತಾನೆ. ಸೈನ್ಯದಲ್ಲಿದ್ದ ದೊಡ್ಡಪ್ಪ ತಂದುಕೊಟ್ಟ ಪೆಟ್ಟಿಗೆಯಲ್ಲಿ ಕೆಲವರಷ್ಟೇ ಉಳಿದಿದ್ದರು. 1939ರಲ್ಲಿ ಆರಂಭವಾದ ಆ ಬ್ರಿಟಿಷ್ ಕಂಪನಿ 1981ರಲ್ಲಿ ಮುಳುಗಿ ಬೇರೆಯವರ ಕೈಗೆ ಹೋಯಿತು, ಈ ಸವಾರರು ಅಂಗಡಿಗೆ ಬರುವುದು ಎಂದೋ ನಿಂತಿದೆ.

ಬೊಂಬೆಯನ್ನು ಅರ್ಧದವರೆಗೆ ಜೇಡಿಯಲ್ಲಿ ಹೂತು, ಮೇಲಿನ ಅರ್ಧಕ್ಕೆ ಸಿಲಿಕೋನ್ ಸುರಿದು, ಅದು ಗಟ್ಟಿಯಾದ ಮೇಲೆ ತಿರುವಿ ಉಳಿದರ್ಧಕ್ಕೂ ಸುರಿಯುವುದು ಕ್ರಮ. ಕಿಟ್‌ನ ಸಿಲಿಕೋನ್ ಪ್ಲಾಟಿನಂ ವೇಗವರ್ಧಕದಿಂದ ಗಟ್ಟಿಯಾಗುವ ಬಗೆಯದು. ಗಂಧಕ ತಗುಲಿದರೆ ಆ ಪ್ಲಾಟಿನಂ ಕೆಲಸ ಮಾಡುವುದಿಲ್ಲ. ಅನೇಕ ಬಗೆಯ ಮಾದರಿ ಜೇಡಿಯಲ್ಲಿಯೂ ಲ್ಯಾಟೆಕ್ಸ್ ಕೈಗವಸಿನಲ್ಲಿಯೂ ಗಂಧಕವಿರುತ್ತದೆ. ಮಾರಾಟಗಾರರು ಎರಡನ್ನೂ ಅದೇ ಪೆಟ್ಟಿಗೆಯಲ್ಲಿಟ್ಟು ಕಳುಹಿಸಿದ್ದರು! ಜೇಡಿ ತಾಗಿದಲ್ಲೆಲ್ಲ ಸಿಲಿಕೋನ್ ಅಂಟಾಗಿಯೇ ಉಳಿದು ಕುದುರೆಯ ಕಾಲುಗಳ ಸಂದಿಯಲ್ಲಿ ಕಚ್ಚಿಕೊಂಡಿತು. ಈ ಹಳೆಯ ಸೈನಿಕರ ಪ್ಲಾಸ್ಟಿಕ್ ಪಾಲಿಎಥಿಲೀನ್. ಹೊಸತರಲ್ಲಿ ಬಾಗುವ ಇದು ದಶಕಗಳು ಕಳೆದಂತೆ ಪೆಡಸಾಗುತ್ತದೆ. ಅಚ್ಚಿನಿಂದ ಬಿಡಿಸುವಾಗ ಸವಾರನ ಕತ್ತಿಯೂ ಕುದುರೆಯ ಒಂದು ಕಾಲೂ ಮುರಿದವು. ಮೂಲ ಬೊಂಬೆಯನ್ನು ಮುಟ್ಟುವ ಮೊದಲು ಬಾಟಲಿಯ ಮುಚ್ಚಳವೊಂದನ್ನು ಅದೇ ಜೇಡಿಯ ಮೇಲಿಟ್ಟು ಒಂದು ಚಮಚ ಸಿಲಿಕೋನ್ ಸುರಿದು ನೋಡಿ ಎಂಬ ಒಂದು ಸಾಲು ಸೂಚನಾ ಚೀಟಿಯಲ್ಲಿರಲಿಲ್ಲ.

ರೆಸಿನ್‌ನ ಕಥೆ ಇದಕ್ಕಿಂತ ಕೆಟ್ಟದು. ಅದರ ಒಂದು ಡಬ್ಬಿಯಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ನೀರಿನೊಂದಿಗೆ ಸೇರಿದರೆ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. ಕಾಫಿಯ ತೇವಾಂಶ ಅಳೆದು ಬೆಲೆ ಕಟ್ಟುವ ಊರಿನವರಿಗೆ ಜುಲೈ ತಿಂಗಳ ಮಡಿಕೇರಿಯ ಗಾಳಿ ಹೇಗಿರುತ್ತದೆಂದು ವಿವರಿಸಬೇಕಾಗಿಲ್ಲ. ಅದು ಸಾಲದೆಂಬಂತೆ ಕಲಕಲು ಕೊಟ್ಟಿದ್ದ ಮರದ ಕಡ್ಡಿ ಮತ್ತು ಕಾಗದದ ಲೋಟಗಳೂ ತೇವ ಹೀರಿದ್ದವು. ಅಚ್ಚಿಗೆ ಎರೆದ ರೆಸಿನ್ ಇಡ್ಲಿ ಹಿಟ್ಟಿನಂತೆ ಉಬ್ಬಿ ಹೊರಬಂತು, ಒಳಗೆ ಸಿಕ್ಕ ಸವಾರನಿಗೆ ಮುಖವೇ ಇರಲಿಲ್ಲ.

ಮಳೆಗೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಎದೆ ಬಿಗಿದು ಕೆಮ್ಮು ಹತ್ತಿತು. ಐಸೊಸಯನೇಟ್‌ಗಳು ಉಸಿರಾಟದ ವ್ಯವಸ್ಥೆಯನ್ನು ಕೆರಳಿಸುತ್ತವೆ. ದೇಹಕ್ಕೆ ಒಮ್ಮೆ ಅಲರ್ಜಿ ಹತ್ತಿಕೊಂಡರೆ ಮುಂದೆ ಅತ್ಯಲ್ಪ ಪ್ರಮಾಣವೂ ಉಬ್ಬಸ ತರಬಹುದು. 1984ರಲ್ಲಿ ಭೋಪಾಲದಲ್ಲಿ ಸೋರಿದ ಮೀಥೈಲ್ ಐಸೊಸಯನೇಟ್ ಇದೇ ಕುಟುಂಬದ್ದು. ರೆಸಿನ್‌ನಲ್ಲಿ ಸಾಮಾನ್ಯವಾಗಿ ಬಳಸುವುದು ಅಷ್ಟು ಸುಲಭವಾಗಿ ಆವಿಯಾಗುವುದಿಲ್ಲವೆಂಬುದು ನಿಜ, ಆದರೆ ಮಕ್ಕಳ ಹವ್ಯಾಸಕ್ಕೆಂದು ಜಾಹೀರಾತು ಮಾಡುವ ವಸ್ತುವೂ ಅದಲ್ಲ. ಧೂಳಿನ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಸುರಕ್ಷತಾ ಪತ್ರ ಕೇಳಿದ್ದಕ್ಕೆ ಮಾರಾಟಗಾರರು ಉತ್ತರಿಸಲಿಲ್ಲ. ಹಣ ಕೇಳಿದ್ದಕ್ಕೆ, ಡಬ್ಬಿ ತೆರೆದಿರುವುದರಿಂದ ವಾಪಸಾತಿ ಇಲ್ಲವೆಂದು ತಕ್ಷಣ ಉತ್ತರಿಸಿದರು.

ಪ್ರತಿ ಮಾಡಿ ಮಾರುವ ಯೋಚನೆಯಿದ್ದವರಿಗೂ ಒಂದು ಮಾತು: ತಯಾರಿಕೆ ನಿಂತ ಮಾತ್ರಕ್ಕೆ ಕಂಪನಿಯ ಹಕ್ಕು ಮುಗಿದುಹೋಗಿರುವುದಿಲ್ಲ.

ಕಿಟ್ ಈಗಾಗಲೇ ತರಿಸಿದವರು ಮಳೆಗಾಲ ಕಳೆಯುವವರೆಗೆ ಡಬ್ಬಿಗಳ ಸೀಲ್ ಒಡೆಯದಿರುವುದು ಒಳ್ಳೆಯದು. ಒಡೆದಾಗಿದ್ದು, ಐಸೊಸಯನೇಟ್ ಡಬ್ಬಿಯೊಳಗೆ ನೀರು ಹೋಗಿರುವ ಅನುಮಾನವಿದ್ದರೆ ಮುಚ್ಚಳವನ್ನು ಬಿಗಿಯಾಗಿ ಹಾಕಬೇಡಿ. ಒಳಗೆ ಅನಿಲದ ಒತ್ತಡ ಹೆಚ್ಚಿ ಡಬ್ಬಿ ಸಿಡಿಯಬಹುದು. ಅದನ್ನು ಮನೆಯೊಳಗೆ ಇಡದೆ, ಮಳೆ ತಾಗದ, ಗಾಳಿಯಾಡುವ, ಮಕ್ಕಳ ಕೈಗೆ ಎಟುಕದ ಜಾಗದಲ್ಲಿರಿಸಿ, ತೋಡಿಗೆ ಮಾತ್ರ ಸುರಿಯಬೇಡಿ.