ಹಾಸನದ ಕಾಲೇಜು ಹುಡುಗ ಹುಡುಗಿಯರೇ, ‘ಯುರೋಪ್ ಸ್ಟಡಿ ಟೂರ್’ಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಮತ್ತೆ ಪಾಂಪ್ಲೆಟ್ ಸೀಸನ್ ಶುರುವಾಗಿದೆ. ಸಾಲಗಾಮೆ ರಸ್ತೆಯ ಜೆರಾಕ್ಸ್ ಅಂಗಡಿಗಳಲ್ಲಿ, ಪಿಜಿಗಳ ನೋಟಿಸ್ ಬೋರ್ಡಿನಲ್ಲಿ, ಕ್ಲಾಸಿನ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಥರದ ಚೀಟಿ ಓಡಾಡುತ್ತಿದೆ: ‘ಇಟಲಿ ಸ್ಟಡಿ ಟೂರ್. ವಿದ್ಯಾರ್ಥಿಗಳಿಗೆ ಮಾತ್ರ. ವೀಸಾ ಗ್ಯಾರಂಟಿ. ಇಂಟರ್‌ನ್ಯಾಷನಲ್ ಸರ್ಟಿಫಿಕೇಟ್ ಸಮೇತ.’ 2025ರ ಜೂನ್‌ನಲ್ಲಿ ನಾವು ಸಿವಿಲ್ ಎಂಜಿನಿಯರಿಂಗ್ ಓದುವವರು ಇಂಥದ್ದೇ ಒಂದು ಟೂರಿನಲ್ಲಿ ಹೋಗಿ ಬಂದೆವು. ನಮ್ಮಲ್ಲಿ ಹೆಚ್ಚಿನವರಿಗೆ ಅದೇ ಮೊದಲ ವಿಮಾನ, ಮೊದಲ ಪಾಸ್‌ಪೋರ್ಟು. ದೂರು ವಿಚಾರಣೆಯಲ್ಲಿ ಇರುವುದರಿಂದ ಏಜೆಂಟ್ ಹೆಸರು ಬರೆಯುವುದಿಲ್ಲ. ಬೋರ್ಡು ಬದಲಾಯಿಸುವುದು ಇಂಥವರಿಗೆ ಒಂದು ದಿನದ ಕೆಲಸ. ಹಾಗಾಗಿ ಹೆಸರಿಗಿಂತ ಅವರು ಕೆಲಸ ಮಾಡುವ ರೀತಿ ಗೊತ್ತಿದ್ದರೇ ನಿಮಗೆ ಜಾಸ್ತಿ ಉಪಯೋಗ.

ವೀಸಾದಿಂದ ಶುರು ಮಾಡುತ್ತೇನೆ. ನಿಜವಾದ ಅಪಾಯ ಇದ್ದದ್ದು ಅಲ್ಲೇ. ಉಳಿದದ್ದೆಲ್ಲ ದುಡ್ಡು, ನಿದ್ದೆ, ಸಿಟ್ಟಿನ ಲೆಕ್ಕ.

ವೀಸಾ ಗ್ಯಾರಂಟಿ ಕೊಡಲು ಯಾವ ಏಜೆಂಟನಿಂದಲೂ ಆಗುವುದಿಲ್ಲ. ಕೊಡುವುದು, ಬಿಡುವುದು ಕಾನ್ಸುಲೇಟ್‌ನವರ ಕೈಯಲ್ಲಿದೆ. ಷೆಂಗೆನ್ ವೀಸಾದ (ಯುರೋಪಿನ ಬಹುತೇಕ ದೇಶಗಳಿಗೆ ಸೇರಿ ಒಂದೇ ವೀಸಾ) ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ. ವೀಸಾ ಸಿಗದಿದ್ದರೂ ಆ ದುಡ್ಡು ವಾಪಸ್ ಬರುವುದಿಲ್ಲ. ಎಲ್ಲಿಗೆ ಅರ್ಜಿ ಹಾಕಬೇಕು ಅನ್ನುವ ನಿಯಮ ಸರಳ. ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಹಾಕಬೇಕು. ಎಲ್ಲ ಕಡೆ ಸಮ ದಿನ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ನಾವು ಹೊರಟಿದ್ದು ಇಟಲಿಗೆ ಮಾತ್ರ. ಆದರೆ ನಮ್ಮ ತಾರೀಖಿಗೆ ಇಟಲಿಯ ಅಪಾಯಿಂಟ್‌ಮೆಂಟ್ ಸಿಗಲಿಲ್ಲ ಅಂತ ಏಜೆಂಟ್ ಎಲ್ಲರ ಅರ್ಜಿಯನ್ನೂ ಫ್ರಾನ್ಸಿಗೆ ಹಾಕಿಸಿದ. ಅದು ನಮಗೆ ಗೊತ್ತಾದದ್ದು ಬೆಳಗಿನ ಜಾವ ಹಾಸನ ಬಿಟ್ಟು, ಬೆಂಗಳೂರಿನ ವೀಸಾ ಸೆಂಟರ್‌ನಲ್ಲಿ ಬೆರಳಚ್ಚು ಕೊಡಲು ಕ್ಯೂ ನಿಂತ ಮೇಲೆ. ಕೇಳಿದ್ದಕ್ಕೆ, ‘ಎಲ್ಲಾ ಒಂದೇ ವೀಸಾ ಕಣಮ್ಮಾ, ಯುರೋಪ್ ಪೂರ್ತಿ ನಡೆಯುತ್ತೆ. ನೀವು ಸುಮ್ನೆ ಬೆರಳು ಒತ್ತಿ ಬನ್ನಿ’ ಅಂದ.

ಇದರಲ್ಲಿ ಅರ್ಧ ಮಾತ್ರ ನಿಜ. ಷೆಂಗೆನ್ ಒಪ್ಪಂದದ 29 ದೇಶಗಳಲ್ಲಿ ಯಾರು ಕೊಟ್ಟ ವೀಸಾ ಆದರೂ ಓಡಾಡಬಹುದು. ಆದರೆ ಅರ್ಜಿಯಲ್ಲಿ ಬರೆದ ಪ್ರವಾಸಕ್ಕೂ ನೀವು ಮಾಡುವ ಪ್ರವಾಸಕ್ಕೂ ತಾಳೆ ಇರಬೇಕು. ನಮ್ಮ ಅರ್ಜಿಗಳಲ್ಲಿ ಹೆಚ್ಚಿನ ರಾತ್ರಿಗಳು ಪ್ಯಾರಿಸ್‌ನಲ್ಲಿ, ಒಂದೆರಡು ಮಾತ್ರ ಇಟಲಿಯಲ್ಲಿ ಅಂತ ಇತ್ತು. ಪ್ಯಾರಿಸ್ ಹೋಟೆಲಿನ ಬುಕಿಂಗ್ ಕೂಡ ಲಗತ್ತಿಸಿದ್ದರು. ವೀಸಾ ಕೈಗೆ ಬಂದ ಮೇಲೆ ಅದನ್ನು ಕ್ಯಾನ್ಸಲ್ ಮಾಡಿದರು. ಸುಳ್ಳು ಮಾಹಿತಿ ಕೊಟ್ಟರೆ ಅರ್ಜಿ ತಿರಸ್ಕಾರವಾಗುತ್ತದೆ, ಕೊಟ್ಟ ವೀಸಾವನ್ನೂ ರದ್ದು ಮಾಡಬಹುದು ಅಂತ ಆ ಅರ್ಜಿಯ ಕೊನೆಯಲ್ಲಿ ಬರೆದಿರುತ್ತದೆ. ಅದರ ಕೆಳಗೆ ಇರುವ ಸಹಿ ಏಜೆಂಟನದ್ದಲ್ಲ, ನಮ್ಮದು. ಪೆನ್ಸಿಲ್‌ನಲ್ಲಿ ಗುರುತು ಹಾಕಿದ ಕೊನೆಯ ಪುಟ ಮಾತ್ರ ಕಾಲೇಜಿನ ಹತ್ತಿರ ಕಳಿಸಿ ಸಹಿ ತರಿಸಿಕೊಂಡಿದ್ದರು. ಮುಂದಿನ ಪುಟಗಳನ್ನು ಯಾರಿಗೂ ತೋರಿಸಿರಲಿಲ್ಲ.

ಇದರ ಬಿಸಿ ತಟ್ಟಿದ್ದು ರೋಮ್‌ನ ಫ್ಯುಮಿಚಿನೋ ವಿಮಾನ ನಿಲ್ದಾಣದಲ್ಲಿ. ಟೂರ್ ಮ್ಯಾನೇಜರ್ ಎಲ್ಲರಿಗಿಂತ ಮುಂಚೆ ಇಮಿಗ್ರೇಷನ್ ದಾಟಿ ಲಗೇಜ್ ಕಡೆ ಹೋಗಿಬಿಟ್ಟಿದ್ದ. ನನ್ನ ಹಿಂದೆ ಇದ್ದ ಹುಡುಗನನ್ನು ಅಧಿಕಾರಿ ಕೇಳಿದರು: ಫ್ರಾನ್ಸಿನ ವೀಸಾ ಇದೆ, ಪ್ಯಾರಿಸ್‌ಗೆ ಯಾವಾಗ ಹೋಗುತ್ತೀರಿ? ಅವನು ಇದ್ದದ್ದು ಇದ್ದ ಹಾಗೆ ಹೇಳಿದ, ನಾವು ಪ್ಯಾರಿಸ್‌ಗೆ ಹೋಗುವುದೇ ಇಲ್ಲ ಅಂತ. ಅಲ್ಲಿಗೆ ನಮ್ಮ ಇಡೀ ಸಾಲನ್ನು ಪಕ್ಕಕ್ಕೆ ನಿಲ್ಲಿಸಿದರು. ಹೋಟೆಲ್ ಬುಕಿಂಗ್ ತೋರಿಸಿ ಅಂದರು. ನಮ್ಮ ಕೈಯಲ್ಲಿ ಇದ್ದದ್ದು ಕ್ಯಾನ್ಸಲ್ ಆದ ಪ್ಯಾರಿಸ್ ಹೋಟೆಲಿನ ಪ್ರಿಂಟ್ ಮಾತ್ರ. ಇಟಲಿಯ ಹೋಟೆಲುಗಳ ಹೆಸರೇ ಗೊತ್ತಿರಲಿಲ್ಲ. ಒಬ್ಬಳು ಅಳುವುದಕ್ಕೆ ಶುರು ಮಾಡಿದಳು. ಮ್ಯಾನೇಜರ್‌ಗೆ ಫೋನ್ ಮಾಡಿದರೆ ತೆಗೆಯಲಿಲ್ಲ. ಕೊನೆಗೆ ಮಿಲಾನ್‌ನಿಂದ ವಾಪಸ್ ಬರುವ ಟಿಕೆಟ್, ಕಾಲೇಜಿನ ಪತ್ರ, ಇನ್ಶೂರೆನ್ಸ್ ಎಲ್ಲ ನೋಡಿ, ಗಂಟೆಗಟ್ಟಲೆ ಕೂರಿಸಿ ಬಿಟ್ಟರು. ಅಲ್ಲಿಂದಲೇ ವಾಪಸ್ ಕಳಿಸಿದ್ದರೂ ಕೇಳುವ ಹಾಗಿರಲಿಲ್ಲ. ಮುಂದೆ ಎಂಎಸ್ ಮಾಡಲು ಜರ್ಮನಿಗೆ ಹೋಗಬೇಕು ಅಂತಿರುವವರು ಇದನ್ನು ಎರಡು ಸಲ ಓದಿ. ವೀಸಾ ರದ್ದಾದರೆ ಅದು ಅವರ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ, ಮುಂದಿನ ಅರ್ಜಿಯ ಹೊತ್ತಿಗೆ ಎದುರಿಗೆ ಬಂದು ನಿಲ್ಲುತ್ತದೆ.

ಸಹಿ ಹಾಕುವ ಮುಂಚೆ ಅರ್ಜಿಯ ಎಲ್ಲ ಪುಟಗಳನ್ನೂ ಕೇಳಿ. ಯಾವ ದೇಶಕ್ಕೆ, ಎಷ್ಟು ರಾತ್ರಿ, ಯಾವ ಹೋಟೆಲ್, ನೋಡಿ. ಫೋಟೋ ತೆಗೆದು ಮನೆಗೂ ಕಳಿಸಿ. ಷೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ಕವರ್ ಇರುವ ಇನ್ಶೂರೆನ್ಸ್ ಕಡ್ಡಾಯ. ಆ ಪಾಲಿಸಿ ನಿಮ್ಮ ಹೆಸರಿನಲ್ಲಿ ಇರುತ್ತದೆ, ಅದನ್ನೂ ಕೇಳಿ ಇಸಿದುಕೊಳ್ಳಿ. ‘ಅದೆಲ್ಲಾ ನಮ್ಮ ಹತ್ರ ಸೇಫಾಗಿದೆ’ ಅಂದರೆ ಅಲ್ಲಿಂದಲೇ ಎದ್ದು ಬನ್ನಿ.

ಇನ್ನು ಹೋಟೆಲ್. ಚೀಟಿಯಲ್ಲಿ ‘ವೆನಿಸ್‌ನಲ್ಲಿ ವಾಸ್ತವ್ಯ, ಫ್ಲಾರೆನ್ಸ್‌ನಲ್ಲಿ ವಾಸ್ತವ್ಯ’ ಅಂತ ದಪ್ಪಕ್ಷರದಲ್ಲಿ ಇತ್ತು. ಫ್ಲಾರೆನ್ಸ್ ಅಂದದ್ದು ಮಾಂಟೆಕಾಟಿನಿ ಅನ್ನುವ ಬೇರೆ ಊರು. ಹಾಸನದಲ್ಲಿ ರೂಮು ಅಂತ ಹೇಳಿ ಅರಸೀಕೆರೆಯಲ್ಲಿ ಇಳಿಸಿದ ಹಾಗೆ. ದೂರವೂ ಹೆಚ್ಚುಕಮ್ಮಿ ಅಷ್ಟೇ. ವೆನಿಸ್ ಅಂದದ್ದು ಯೆಜೋಲೋ ಅನ್ನುವ ಸಮುದ್ರ ತೀರದ ಊರು. ಅಲ್ಲಿಂದ ಬಸ್ಸು, ಆಮೇಲೆ ದೋಣಿ. ಹೀಗೆ ಹೊರಗೆ ಉಳಿಸುವುದು ಗ್ರೂಪ್ ಟೂರುಗಳಲ್ಲಿ ಮಾಮೂಲಿ, ಹೇಳಿ ಮಾಡಿದರೆ ತಪ್ಪೂ ಅಲ್ಲ. ಇವರು ಹೇಳಲಿಲ್ಲ. ಅದಕ್ಕೆ ನಾವು ದಂಡವನ್ನೂ ತೆತ್ತೆವು. 2025ರಲ್ಲಿ ವೆನಿಸ್ ನಗರ ಏಪ್ರಿಲ್‌ನಿಂದ ಜುಲೈವರೆಗೆ ವಾರಾಂತ್ಯದ ಹೆಚ್ಚಿನ ದಿನಗಳಲ್ಲಿ, ಹಗಲು ನೋಡಿ ಹೋಗುವವರಿಂದ ಪ್ರವೇಶ ಶುಲ್ಕ ವಸೂಲಿ ಮಾಡಿತು. ಮುಂಚೆಯೇ ಕಟ್ಟಿದರೆ 5 ಯೂರೋ, ಕೊನೆ ಗಳಿಗೆಯಲ್ಲಿ 10. ವೆನಿಸ್ ನಗರಸಭೆ ವ್ಯಾಪ್ತಿಯ ಹೋಟೆಲಿನಲ್ಲಿ ಉಳಿದವರಿಗೆ ಅದು ಇಲ್ಲ. ನಾವು ಶನಿವಾರ ಹೋಗಿದ್ದು, ಉಳಿದಿದ್ದು ಹೊರಗೆ. ತಲಾ ಹತ್ತು ಯೂರೋ ನಮ್ಮ ಜೇಬಿನಿಂದಲೇ ಹೋಯಿತು. ಹೋಟೆಲುಗಳಲ್ಲಿ ತಲೆಗಿಷ್ಟು, ರಾತ್ರಿಗಿಷ್ಟು ಅಂತ ಸಿಟಿ ಟ್ಯಾಕ್ಸ್ ಬೇರೆ. ‘ಎಲ್ಲಾ ಸೇರಿ’ ಅನ್ನುವ ಪ್ಯಾಕೇಜಿನಲ್ಲಿ ಅದು ಸೇರಿರಲಿಲ್ಲ.

ಹೋಟೆಲಿನ ಪೂರ್ತಿ ವಿಳಾಸವನ್ನು ಕಾಗದದ ಮೇಲೆ ಕೇಳಿ, ಮ್ಯಾಪಿನಲ್ಲಿ ಹಾಕಿ ನೋಡಿ. ‘ಅಥವಾ ಅದಕ್ಕೆ ಸಮಾನವಾದ ಹೋಟೆಲ್’ ಅಂತ ಬರೆದಿದ್ದರೆ ಯಾವ ಊರಿನ ಒಳಗೆ ಅನ್ನುವುದನ್ನೂ ಬರೆಸಿಕೊಳ್ಳಿ.

ಸಿವಿಲ್ ಓದುವವರಿಗೆ ಫ್ಲಾರೆನ್ಸ್ ಅಂದರೆ ಅಲ್ಲಿನ ದೊಡ್ಡ ಚರ್ಚಿನ ಮೇಲೆ ಬ್ರುನೆಲೆಸ್ಕಿ ಕಟ್ಟಿದ ಗುಮ್ಮಟ. ನಮ್ಮ ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದ್ದರು. ಒಳಗಿನ 463 ಮೆಟ್ಟಿಲು ಹತ್ತುತ್ತಾ ಹೋದರೆ ಗುಮ್ಮಟದ ಒಳ, ಹೊರ ಎರಡು ಚಿಪ್ಪುಗಳ ನಡುವಿನ ಇಟ್ಟಿಗೆ ಕೆಲಸ ಕಣ್ಣಿಗೇ ಕಾಣುತ್ತದೆ. ಸ್ಟಡಿ ಟೂರ್ ಅಂತ ಹೆಸರಿಟ್ಟ ಮೇಲೆ ನೋಡಬೇಕಾದ್ದು ಇದು ತಾನೇ? ಹತ್ತಲು ಸಮಯ ನಿಗದಿ ಮಾಡಿ ಮುಂಚೆಯೇ ಬುಕ್ ಮಾಡಿರಬೇಕು. ಯಾರೂ ಮಾಡಿರಲಿಲ್ಲ. ಕೆಳಗೆ ನಿಂತು ಕತ್ತು ನೋಯುವ ತನಕ ನೋಡಿದೆವು. ಅವತ್ತು ಸೋಮವಾರ. ಫ್ಲಾರೆನ್ಸ್‌ನ ಉಫೀಟ್ಸಿ ಮ್ಯೂಸಿಯಂ, ಮೈಕೆಲಾಂಜೆಲೋನ ಡೇವಿಡ್ ಇರುವ ಅಕಾಡೆಮಿಯಾ, ಎರಡಕ್ಕೂ ಸೋಮವಾರ ರಜೆ. ನಮ್ಮ ಕಾರ್ಯಕ್ರಮ ಪಟ್ಟಿಯಲ್ಲಿ ಎರಡೂ ಸೋಮವಾರಕ್ಕೇ ಇದ್ದವು! ಮ್ಯಾನೇಜರ್ ನಮ್ಮನ್ನು ಪಿಯಾತ್ಸಾ ದೆಲ್ಲಾ ಸಿನ್ಯೋರಿಯಾ ಚೌಕಕ್ಕೆ ಕರೆದುಕೊಂಡು ಹೋಗಿ ಅಲ್ಲಿರುವ ಡೇವಿಡ್ ಮೂರ್ತಿ ತೋರಿಸಿ, ‘ಇದೇ ಅದು, ಫೋಟೋ ತೆಗೆದುಕೊಳ್ಳಿ’ ಅಂದ. ಅದು ನಕಲು. ಮೂಲ ಮೂರ್ತಿಯನ್ನು 1873ರಲ್ಲೇ ಒಳಗೆ ಸಾಗಿಸಿದ್ದಾರೆ. ಅಷ್ಟು ದೂರ ಹೋಗಿ, ಬೀದಿಯಲ್ಲಿ ಬಿಟ್ಟಿ ನೋಡಬಹುದಾದದ್ದನ್ನು ನೋಡಿ ಬಂದೆವು.

ರೋಮ್‌ನ ಕೊಲೋಸಿಯಂ ಕಥೆಯೂ ಅಷ್ಟೇ. 2023ರ ಅಕ್ಟೋಬರ್‌ನಿಂದ ಅಲ್ಲಿ ಟಿಕೆಟ್ ಮೇಲೆ ನೋಡುವವರ ಹೆಸರೇ ಇರಬೇಕು, ಗುರುತಿನ ಚೀಟಿ ತೋರಿಸಬೇಕು. ಒಬ್ಬರ ಟಿಕೆಟ್ ಇನ್ನೊಬ್ಬರು ಬಳಸುವ ಹಾಗಿಲ್ಲ. ನಮ್ಮ ಹೆಸರು ಯಾರೂ ಕೇಳಿರಲಿಲ್ಲ, ಅಂದಮೇಲೆ ಟಿಕೆಟ್ ಎಲ್ಲಿಂದ ಬರಬೇಕು? ‘ಕಾಲೇಜು ಐಡಿ ಇದ್ದರೆ ಬಿಡ್ತಾರೆ’ ಅಂತ ಹಾಸನದಲ್ಲಿ ಹೇಳಿದ್ದು ಶುದ್ಧ ಸುಳ್ಳು. ಇಟಲಿಯ ಸರ್ಕಾರಿ ಮ್ಯೂಸಿಯಂಗಳಲ್ಲಿ 18 ವರ್ಷ ತುಂಬದವರಿಗೆ, ಅವರು ಯಾವ ದೇಶದವರಾದರೂ, ಉಚಿತ. 18ರಿಂದ 25 ವಯಸ್ಸಿನವರಿಗೆ 2 ಯೂರೋ ಟಿಕೆಟ್ ಇದೆ, ಆದರೆ ಅದು ಯುರೋಪಿಯನ್ ಒಕ್ಕೂಟದ ಹುಡುಗರಿಗೆ. ನಮ್ಮ ಐಡಿ ಅಲ್ಲಿ ನಡೆಯುವುದಿಲ್ಲ.

ಕಾರ್ಯಕ್ರಮ ಪಟ್ಟಿ ಕೈಗೆ ಬಂದ ತಕ್ಷಣ ಪ್ರತಿ ಜಾಗಕ್ಕೆ ಯಾವ ದಿನ ರಜೆ ಅಂತ ಅವರವರ ವೆಬ್‌ಸೈಟಿನಲ್ಲೇ ನೋಡಿ. ವ್ಯಾಟಿಕನ್ ಮ್ಯೂಸಿಯಂ ಭಾನುವಾರ ಇರುವುದಿಲ್ಲ, ತಿಂಗಳ ಕೊನೆಯ ಭಾನುವಾರ ಬಿಟ್ಟು. ಒಳಗೆ ಹೋಗುವುದೋ, ಹೊರಗೆ ನಿಂತು ಫೋಟೋ ತೆಗೆಯುವುದೋ ಅನ್ನುವುದನ್ನು ಒಂದೊಂದು ಜಾಗದ ಮುಂದೆಯೂ ಬರೆಸಿ.

ಬಸ್ಸಿನ ವಿಷಯ ಹೇಳದಿದ್ದರೆ ಡ್ರೈವರ್‌ಗೆ ಅನ್ಯಾಯ ಆಗುತ್ತದೆ. ರೋಮ್ ಬಿಟ್ಟು, ಪೀಸಾ ನೋಡಿ, ಅದೇ ರಾತ್ರಿ ವೆನಿಸ್ ಕಡೆಗೆ. ಏಳುನೂರು ಕಿಲೋಮೀಟರಿನ ಹತ್ತಿರ ಹತ್ತಿರ. ನಮ್ಮಲ್ಲಿ ಆದರೆ ಡ್ರೈವರ್ ಅಣ್ಣ ಒಂದು ಟೀ ಕುಡಿದು ಎಳೆದುಬಿಡುತ್ತಿದ್ದರೇನೋ. ಅಲ್ಲಿ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿರಾಮ ಕೊಡಲೇಬೇಕು. ದಿನಕ್ಕೆ 9 ಗಂಟೆ, ವಾರದಲ್ಲಿ ಎರಡು ದಿನ ಮಾತ್ರ 10 ಗಂಟೆ ಓಡಿಸಬಹುದು. ಬಸ್ಸಿನಲ್ಲಿರುವ ಯಂತ್ರ ಎಲ್ಲವನ್ನೂ ದಾಖಲಿಸುತ್ತದೆ, ಮೀರಿದರೆ ದಂಡ. ಮ್ಯಾನೇಜರ್ ಜಗಳ ಆಡುತ್ತಾ ನಿಂತ, ಡ್ರೈವರ್ ಹೆದ್ದಾರಿ ಪಕ್ಕದಲ್ಲಿ ಆರಾಮಾಗಿ ಕಾಫಿ ಕುಡಿದರು. ಅವರು ಮಾಡಿದ್ದೇ ಸರಿ. ಪೀಸಾದಲ್ಲಿ ಟೂರಿಸ್ಟ್ ಬಸ್ಸು ಗೋಪುರದ ಹತ್ತಿರ ಹೋಗುವುದಿಲ್ಲ, ದೂರದ ಪಾರ್ಕಿಂಗಿನಿಂದ ನಡೆಯಬೇಕು. ನಡೆದು ಹೋಗಿ ಬರುವುದರಲ್ಲೇ ಇದ್ದ ಸಮಯ ಮುಗಿಯಿತು. ಯೆಜೋಲೋ ಮುಟ್ಟುವಾಗ ನಡುರಾತ್ರಿ, ಊಟ ಇಲ್ಲ. ಒಬ್ಬಳ ಬ್ಯಾಗಿನಲ್ಲಿದ್ದ ಚಕ್ಕುಲಿ, ಅವಲಕ್ಕಿಯಲ್ಲಿ ಹೊಟ್ಟೆ ತುಂಬಿಸಿಕೊಂಡೆವು. (ತುಪ್ಪ, ಪೇಡ ಕಟ್ಟಿಕೊಡಲು ಅಮ್ಮಂದಿರಿಗೆ ಬಿಡಬೇಡಿ. ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸ ಒಯ್ಯಲು ಅಲ್ಲಿ ಬಿಡುವುದಿಲ್ಲ.)

ಇಳಿದ ದಿನವೇ ಮ್ಯಾನೇಜರ್ ಎಲ್ಲರ ಪಾಸ್‌ಪೋರ್ಟ್ ಇಸಿದುಕೊಂಡ, ‘ಕಳೆದುಕೊಳ್ತೀರಿ’ ಅಂತ. ಪಾಸ್‌ಪೋರ್ಟ್ ಭಾರತ ಸರ್ಕಾರದ ಆಸ್ತಿ, ಯಾವ ಟ್ರಾವೆಲ್ಸ್‌ನವರಿಗೂ ಅದನ್ನು ಇಟ್ಟುಕೊಳ್ಳುವ ಹಕ್ಕಿಲ್ಲ. ಹೋಟೆಲಿನಲ್ಲಿ ಚೆಕ್‌ಇನ್‌ಗೆ ತೋರಿಸಬೇಕು, ತೋರಿಸಿ ವಾಪಸ್ ತೆಗೆದುಕೊಳ್ಳಿ. ಅಲ್ಲಿ ಕಳೆದೇ ಹೋದರೆ ಪೊಲೀಸ್ ದೂರು ಕೊಟ್ಟು ರೋಮ್‌ನ ಭಾರತೀಯ ರಾಯಭಾರ ಕಚೇರಿಗೋ ಮಿಲಾನ್‌ನ ಕಾನ್ಸುಲೇಟ್‌ಗೋ ಹೋಗಬೇಕು. ಊರಿಗೆ ಬರಲು ಅವರು ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ. ತುರ್ತು ಕರೆಗೆ 112.

ಸರ್ಟಿಫಿಕೇಟ್ ಬಗ್ಗೆ ಜಾಸ್ತಿ ಬರೆಯುವುದಕ್ಕೆ ಏನೂ ಇಲ್ಲ. ಒಂದು ವಿಶ್ವವಿದ್ಯಾಲಯದ ಅಂಗಳದಲ್ಲಿ ನಿಲ್ಲಿಸಿ ಫೋಟೋ ತೆಗೆದರು. ಆ ವಿಶ್ವವಿದ್ಯಾಲಯದವರಿಗೆ ನಾವು ಬಂದದ್ದೇ ಗೊತ್ತಿಲ್ಲ. ಸರ್ಟಿಫಿಕೇಟಿನಲ್ಲಿ ಇರುವುದು ಏಜೆನ್ಸಿಯ ಸೀಲು.

ಈಗ ದುಡ್ಡು. ಅಪ್ಪ ಶುಂಠಿ ಮಾರಿದ ದುಡ್ಡಿನಲ್ಲಿ ಕಟ್ಟಿದ್ದು. ಏಜೆಂಟ್ ಆಲೂರಿನ ನಮ್ಮ ಮನೆಗೇ ಬಂದು ಕಾಫಿ ಕುಡಿದು, ‘ಏನೂ ಯೋಚನೆ ಮಾಡಬೇಡಿ ಯಜಮಾನ್ರೇ, ಮಗಳು ನಮ್ಮ ಮನೆ ಮಗಳಿದ್ದ ಹಾಗೆ’ ಅಂದಿದ್ದ. ಯುಪಿಐ ಮಾಡಿದ ಖಾತೆ ಏಜೆನ್ಸಿಯದ್ದಲ್ಲ, ಯಾವುದೋ ಹೆಂಗಸಿನ ಹೆಸರಿನದ್ದು. ಟಿಸಿಎಸ್ (ಮೂಲದಲ್ಲೇ ವಸೂಲಿ ಮಾಡುವ ತೆರಿಗೆ) ಅಂತ ನೂರಕ್ಕೆ ಐದು ಬೇರೆ ಇಸಿದುಕೊಂಡರು. ಟಿಸಿಎಸ್ ನಿಜವಾಗಿಯೂ ಇದೆ. ವಿದೇಶ ಪ್ಯಾಕೇಜಿನ ಮೇಲೆ ಟ್ರಾವೆಲ್ಸ್‌ನವರು ವಸೂಲಿ ಮಾಡಿ ಆದಾಯ ತೆರಿಗೆ ಇಲಾಖೆಗೆ ಕಟ್ಟಬೇಕು. ನಾವು ಹೋದ ಸಮಯದಲ್ಲಿ 10 ಲಕ್ಷದವರೆಗೆ ಶೇ. 5 ಇತ್ತು, ದರ ಆಗಾಗ ಬದಲಾಗುತ್ತದೆ. ಕಟ್ಟಿದ್ದರೆ ದುಡ್ಡು ಕೊಟ್ಟವರ ಪಾನ್ ನಂಬರಿನ ತೆರಿಗೆ ಲೆಕ್ಕದ ಪಟ್ಟಿ, ಅಂದರೆ ಫಾರ್ಮ್ 26ಎಎಸ್‌ನಲ್ಲಿ ಕಾಣುತ್ತದೆ, ರಿಟರ್ನ್ಸ್ ಹಾಕಿ ವಾಪಸ್ ಕೇಳಬಹುದು. ಅಪ್ಪನ 26ಎಎಸ್‌ನಲ್ಲಿ ಏನೂ ಇರಲಿಲ್ಲ. ಅವರ ಪಾನ್ ನಂಬರನ್ನೇ ಯಾರೂ ಕೇಳಿರಲಿಲ್ಲ! ಪಾನ್ ಕೇಳದೆ ಟಿಸಿಎಸ್ ಇಸಿದುಕೊಳ್ಳುವವರು ಆ ದುಡ್ಡನ್ನು ಎಲ್ಲಿಗೆ ಕಟ್ಟುತ್ತಾರೆ ಅಂತ ನೀವೇ ಯೋಚಿಸಿ. ಜಿಎಸ್‌ಟಿ ನಂಬರ್ ಇರುವ ಬಿಲ್ಲು, ಏಜೆನ್ಸಿಯ ಹೆಸರಿನದೇ ಖಾತೆ, ಈ ಎರಡು ಇಲ್ಲದೆ ಅಡ್ವಾನ್ಸ್ ಕೂಡ ಕೊಡಬೇಡಿ.

ನಮ್ಮಲ್ಲಿ ಕೆಲವರು ‘ಹೋಗಿ ಬಂದಾಯ್ತಲ್ಲ, ಬಿಡು’ ಅಂತ ಸುಮ್ಮನಾದರು. ಉಳಿದವರು ಹಾಸನದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇವೆ. ಏಜೆನ್ಸಿ ಬೆಂಗಳೂರಿನಲ್ಲಿದ್ದರೂ ನಾವು ಇರುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶ ಇದೆ. ಕೊಟ್ಟ ಹಣ 5 ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ. ದೂರನ್ನು ಎರಡು ವರ್ಷದೊಳಗೆ ಕೊಡಬೇಕು. ಮೊದಲು ಮಾತಾಡಿ ನೋಡಬೇಕು ಅನ್ನುವವರಿಗೆ ಗ್ರಾಹಕ ಸಹಾಯವಾಣಿ 1915 ಇದೆ. ಪಾಂಪ್ಲೆಟ್, ವಾಟ್ಸಾಪ್ ಮೆಸೇಜು, ಹೋಟೆಲ್ ರಸೀದಿ ಎಲ್ಲ ಇಟ್ಟುಕೊಂಡಿದ್ದ ಗೆಳತಿಯಿಂದಲೇ ನಮ್ಮ ದೂರಿಗೆ ಬಲ ಬಂದದ್ದು. ಏಜೆಂಟ್ ಕಡೆಯ ವಕೀಲರು ಸದ್ಯಕ್ಕೆ ಟೈಮ್ ಕೇಳುತ್ತಿದ್ದಾರೆ.

ಈ ವರ್ಷದ ಪಾಂಪ್ಲೆಟ್‌ನಲ್ಲಿ ಪೀಸಾ ಗೋಪುರದ ಮುಂದೆ ಕೈ ಎತ್ತಿ ನಿಂತ ಹುಡುಗ ಹುಡುಗಿಯರ ಗುಂಪು ಇದ್ದರೆ, ಅದು ನಾವೇ. ನಮ್ಮನ್ನು ಕೇಳದೆ ಹಾಕಿಕೊಂಡಿದ್ದಾರೆ. ಆ ಫೋಟೋ ಇರುವ ಚೀಟಿ ಸಿಕ್ಕಿದರೆ ದಯವಿಟ್ಟು ಹರಿದು ಬಿಸಾಕಬೇಡಿ. ಎರಡೂ ಕಡೆ ಫೋಟೋ ತೆಗೆದು ನನಗೆ ಕಳಿಸಿ, ಮುಂದಿನ ವಾಯಿದೆಗೆ ಹಾಜರುಪಡಿಸಬೇಕು.