ಡಾಟ್ ಕಾಮ್, ಡಾಟ್ ಇನ್, ಡಾಟ್ ಐಒ: ಕೊನೆಯ ಮಾತು ಯಾರದ್ದು?

ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ತಗೊಳ್ಳುವಾಗ ಬೆಲೆಯನ್ನು ಎಲ್ಲರೂ ನೋಡುತ್ತಾರೆ. ನಾಳೆ ನಿಯಮ ಬದಲಿಸುವ ಅಧಿಕಾರ ಯಾರ ಕೈಲಿದೆ ಅನ್ನೋದನ್ನೂ ನೋಡಿ.

ಡಾಟ್ ಕಾಮ್ ನಡೆಸುವುದು ಅಮೆರಿಕದ ವೆರಿಸೈನ್ ಕಂಪನಿ, ಇಂಟರ್ನೆಟ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಜೊತೆಗಿನ ಒಪ್ಪಂದದ ಮೇಲೆ. 2016ರ ಅಕ್ಟೋಬರ್ 1ಕ್ಕೆ ಐಕ್ಯಾನ್ ಮೇಲಿನ ಅಮೆರಿಕ ಸರ್ಕಾರದ ಉಸ್ತುವಾರಿ ಮುಗಿಯಿತು ನಿಜ, ಆದರೆ ಡಾಟ್ ಕಾಮ್‌ನ ಸಗಟು ಬೆಲೆ ಎಷ್ಟು ಏರಬಹುದು ಅನ್ನೋದರಲ್ಲಿ ಅಲ್ಲಿನ ವಾಣಿಜ್ಯ ಇಲಾಖೆಯ ಮಾತು ಆಮೇಲೂ ನಡೆಯುತ್ತಾ ಬಂದಿದೆ. ಅಲ್ಲಿನ ಕೋರ್ಟಿನ ಮಾತೂ ಅಷ್ಟೇ. ಬೆಟ್ಟಿಂಗ್ ತಾಣ ಬೋಡಾಗ್ ಡಾಟ್ ಕಾಮ್ ನೋಂದಣಿಯಾಗಿದ್ದು ಕೆನಡಾದ ರಿಜಿಸ್ಟ್ರಾರ್ (ಡೊಮೇನ್ ಮಾರುವ ಕಂಪನಿ) ಬಳಿ. 2012ರಲ್ಲಿ ಅಮೆರಿಕದ ಅಧಿಕಾರಿಗಳು ನೇರವಾಗಿ ವೆರಿಸೈನ್ ಮೂಲಕವೇ ಅದನ್ನು ವಶಕ್ಕೆ ತಗೊಂಡರು. ನನಗಂತೂ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ.

ಡಾಟ್ ಇನ್ ನಮ್ಮ ದೇಶದ್ದೇ ಸಂಸ್ಥೆಯಾದ ನಿಕ್ಸಿ ಕೈಲಿದೆ. ದೇಶಗಳ ಡೊಮೇನ್‌ಗೆ ಒಳಗಿನ ನಿಯಮ ಮಾಡುವುದು ಆಯಾ ದೇಶದವರೇ, ಐಕ್ಯಾನ್ ಅಲ್ಲ. ಹೆಸರಿನ ಜಗಳಕ್ಕೂ ಇಲ್ಲಿನದೇ ಮಧ್ಯಸ್ಥಿಕೆ. ಕನ್ನಡದ ಡಾಟ್ ಭಾರತ ಕೂಡ ಇವರದ್ದೇ. ಗಿರಾಕಿಗಳೆಲ್ಲ ಇಲ್ಲಿಯವರಾದರೆ ಡಾಟ್ ಇನ್ ಸಾಕು, ಹೊರದೇಶದ ವ್ಯವಹಾರ ಇದ್ದರೆ ಡಾಟ್ ಕಾಮ್ ತಗೊಳ್ಳಿ.

ಸ್ಟಾರ್ಟಪ್‌ನವರು ಇಷ್ಟಪಡುವ ಡಾಟ್ ಐಒ ಬಗ್ಗೆ ಮಾತ್ರ ಹುಷಾರು. ಅದು ಬ್ರಿಟನ್ ಹಿಡಿತದಲ್ಲಿರುವ ಚಾಗೋಸ್ ದ್ವೀಪಗಳ ಡೊಮೇನ್. ಆ ದ್ವೀಪಗಳನ್ನು ಮಾರಿಷಸ್‌ಗೆ ಬಿಟ್ಟುಕೊಡುವ ಒಪ್ಪಂದಕ್ಕೆ 2025ರಲ್ಲಿ ಸಹಿ ಬಿದ್ದಿದೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒದ ದೇಶಗಳ ಪಟ್ಟಿಯಿಂದ 'ಐಒ' ಅನ್ನೋ ಎರಡಕ್ಷರ ಹೋದರೆ, ಐಕ್ಯಾನ್ ನಿಯಮದಂತೆ 5 ವರ್ಷದಲ್ಲಿ, ಹೆಚ್ಚೆಂದರೆ 10 ವರ್ಷದಲ್ಲಿ ಡೊಮೇನ್ ಮುಚ್ಚಬೇಕು. ಹೊಸ ಅಂಗಡಿಗೆ ಸುಮ್ನೆ ಈ ಚಿಂತೆ ಬೇಡ.